ಮರಕ್ಕೆ ನಾಲ್ಕು ಪ್ರಾಣ: ಎಲೆ ಕೀಳದೆ ಮಕ್ಕಳಿಗೆ ಕಲಿಸುವ ಪಾಠ



ನಮ್ಮ ಪಾಠಶಾಲೆಗಳಲ್ಲಿ ಆರೇಳು ವರ್ಷದ ಮಗುವೂ ಐದು ಸ್ಥಾವರ ಜೀವಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ: ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯ. ಪಾಠ ಮುಗಿಸಿ ಹೊರಗೆ ಬಂದ ಕೂಡಲೇ ಅಂಗಳದ ಗಿಡದ ಎಲೆ ಕಿತ್ತು, ಹರಿದು ಬಿಸಾಡುತ್ತದೆ. ಮಗುವನ್ನು ಗದರಿ ಫಲವಿಲ್ಲ. ಮರಕ್ಕೆ ಜೀವವಿದೆ ಎಂಬ ಮಾತು ಅದರ ಬಾಯಿಗೆ ಬಂದಿದೆ, ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಕಣ್ಣಿಗೆ ಬೀಳಿಸಲು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಸಾಗರ ತಾಲ್ಲೂಕಿನ ವಡನಬೈಲು, ಹೊಸನಗರ ತಾಲ್ಲೂಕಿನ ಹೊಂಬುಜ, ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿ, ಈ ಮೂರೂ ನಮ್ಮ ಕ್ಷೇತ್ರಗಳು, ಮೂರೂ ಮಲೆನಾಡಿನ ಹಸಿರಿನ ನಡುವೆ ಇವೆ. ರಾಜ್ಯದ ಎಲ್ಲ ಕಡೆಯಿಂದ ಕುಟುಂಬಗಳು ಮಕ್ಕಳೊಂದಿಗೆ ಬರುತ್ತವೆ. ದರ್ಶನವಾದ ಮೇಲೆ ಅರ್ಧ ಗಂಟೆ ಮರದ ಕೆಳಗೆ ಕಳೆದರೆ ಸಾಕು. ನಾನು ವ್ಯಾಪಾರಿ, ವಿಜ್ಞಾನದ ಮೇಷ್ಟ್ರಲ್ಲ. ಮಕ್ಕಳ ಜೊತೆ ಓಡಾಡುವ ಸ್ವಯಂಸೇವಕನಾಗಿ ಸುಲಭವೆಂದು ಕಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಏಕೇಂದ್ರಿಯ ಜೀವಕ್ಕೆ ನಾಲ್ಕು ಪ್ರಾಣಗಳೆಂದು ನಮ್ಮ ಶಾಸ್ತ್ರ ಹೇಳುತ್ತದೆ: ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯು. ಈ ನಾಲ್ಕನ್ನೇ ನಾಲ್ಕು ಪಾಠ ಮಾಡಿಕೊಳ್ಳಬಹುದು. ನಿಯಮ ಒಂದೇ: ಪಾಠಕ್ಕಾಗಿ ಒಂದು ಎಲೆಯನ್ನೂ ಕೀಳಬಾರದು.

ಸ್ಪರ್ಶನೇಂದ್ರಿಯ

ಮುಟ್ಟಿದರೆ ಮುನಿ ಗಿಡದಿಂದ ಆರಂಭಿಸಿ. ಒಂದು ಸಲ ಮೆಲ್ಲಗೆ ಮುಟ್ಟಿದರೆ ಸಾಕು, ಎಲೆ ಮಡಚಿಕೊಳ್ಳುತ್ತದೆ. ಎಲೆಯ ಬುಡದ ಗಂಟಿನಲ್ಲಿರುವ ಕೋಶಗಳಿಂದ ನೀರು ಹೊರಗೆ ಸರಿದು ಬಿಗಿ ಸಡಿಲವಾಗುವುದೇ ಇದಕ್ಕೆ ಕಾರಣ. ಸ್ವಲ್ಪ ಹೊತ್ತು ಕಾದರೆ ಮತ್ತೆ ಅರಳುತ್ತದೆ. ಹೀರೆ, ಹಾಗಲ ಬಳ್ಳಿಯ ಕುಡಿ ಕೋಲಿಗೆ ತಾಗಿದ ಮೇಲೆಯೇ ಸುತ್ತಲು ಶುರುಮಾಡುವುದನ್ನೂ ತೋರಿಸಿ. ಗಿಡಕ್ಕೆ ನಮ್ಮಂತೆ ಮೆದುಳು, ನರ ಇಲ್ಲ. ಆದರೂ ಮುಟ್ಟಿದ್ದು ಅದಕ್ಕೆ ತಿಳಿಯುತ್ತದೆ. 1917ರಲ್ಲಿ ಕೊಲ್ಕತ್ತದಲ್ಲಿ ಬೋಸ್ ಸಂಸ್ಥೆಯನ್ನು ಕಟ್ಟಿದ ಜಗದೀಶಚಂದ್ರ ಬೋಸ್ ಇದೇ ಮುಟ್ಟಿದರೆ ಮುನಿಯಂಥ ಗಿಡಗಳ ಮೇಲೆ ಪ್ರಯೋಗ ಮಾಡಿದವರು ಎಂದು ದೊಡ್ಡ ಮಕ್ಕಳಿಗೆ ಹೇಳಬಹುದು.

ಕಾಯಬಲ

ಮಳೆ ಹಿಡಿದ ಮೇಲೆ ಹಲಸಿನ ಮರದ ಕೆಳಗೆ ಹೋದರೆ ಬಿದ್ದ ಬೀಜಗಳು ತಾವಾಗಿಯೇ ಮೊಳೆತಿರುತ್ತವೆ. ಬೀಜ ಹೇಗೇ ಬಿದ್ದಿರಲಿ, ಬೇರು ಮಣ್ಣಿನತ್ತ, ಕುಡಿ ಬೆಳಕಿನತ್ತ. ಹಲಸಿನ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಹಣ್ಣು ತಿಂದ ಕೂಡಲೇ ಮಕ್ಕಳ ಕೈಯಿಂದ ಊರಿಸಿ.

ಮರ ಬೆಳೆಯುವುದು ಎಲ್ಲಿಂದ? ಮಾವಿನ ಕಾಂಡದ ಮೇಲೆ ಮಗುವಿನ ತಲೆಯ ಎತ್ತರಕ್ಕೆ ಒಂದು ಸುಣ್ಣದ ಬೊಟ್ಟು ಇಡಿ. ಮಾಸುವ ಮುನ್ನ ಅದೇ ಜಾಗಕ್ಕೆ ಮತ್ತೆ ಹಚ್ಚುತ್ತಿರಿ. ಎರಡು ವರ್ಷದಲ್ಲಿ ಮಗು ಬೊಟ್ಟನ್ನು ಮೀರಿ ಬೆಳೆದಿರುತ್ತದೆ, ಬೊಟ್ಟು ಇದ್ದಲ್ಲೇ ಇರುತ್ತದೆ. ಮರ ಎತ್ತರವಾಗುವುದು ತುದಿಯಲ್ಲಿ ಮಾತ್ರ, ಕಾಂಡ ದಪ್ಪವಾಗುವುದು ತೊಗಟೆಯ ಕೆಳಗಿನ ತೆಳುವಾದ ಪದರದಿಂದ. ಅಡಿಕೆ ಮರದ ಲೆಕ್ಕ ಬೇರೆ. ಅದಕ್ಕೆ ಆ ಪದರವೇ ಇಲ್ಲ, ಇರುವುದು ನೆತ್ತಿಯ ಸುಳಿ ಒಂದೇ. ಸುಳಿ ಕೊಳೆತರೆ ಮರ ಹೋಯಿತು. ಕಾಂಡದ ಮೇಲಿನ ಒಂದೊಂದು ಬಳೆಯೂ ಒಂದೊಂದು ಸೋಗೆ ಉದುರಿದ ಗುರುತು. ಅಡಿಕೆಯ ಕಾಂಡಕ್ಕೆ ಆದ ಗಾಯ ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಅದಕ್ಕೇ ತೋಟದವರು ಬಿಸಿಲು ಬಡಿಯುವ ಕಡೆ ಕಾಂಡಕ್ಕೆ ಸೋಗೆ, ಹಾಳೆ ಕಟ್ಟುತ್ತಾರೆ.

ಶ್ವಾಸೋಚ್ಛ್ವಾಸ

ಪೇರಲೆಯ ತಗ್ಗಿನ ಕೊಂಬೆಯೊಂದಕ್ಕೆ, ಎಲೆಗಳ ಸಮೇತ, ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಕಟ್ಟಿ. ಬಿಸಿಲಿನಲ್ಲಿ ಒಂದೆರಡು ಗಂಟೆ ಕಳೆದರೆ ಒಳಗೆ ನೀರಿನ ಹನಿ ಕಾಣುತ್ತದೆ. ನೋಡಿದ ಮೇಲೆ ಚೀಲ ಬಿಚ್ಚಿಬಿಡಿ. ಆ ನೀರು ಬೇರಿನಿಂದ ಹೊರಟು ಕಾಂಡ ಹತ್ತಿ, ಎಲೆಯ ಸಣ್ಣ ರಂಧ್ರಗಳಿಂದ ಹೊರಬಂದದ್ದು. ಅದೇ ರಂಧ್ರಗಳಿಂದ ಎಲೆ ಗಾಳಿಯನ್ನು ಒಳಗೆ ತೆಗೆದುಕೊಂಡು ಬಿಸಿಲಿನ ಬಲದಿಂದ ಮರಕ್ಕೆಲ್ಲ ಅಡುಗೆ ಮಾಡುತ್ತದೆ. ಉಸಿರಾಟ ಮಾತ್ರ ಹಗಲೂ ರಾತ್ರಿಯೂ ನಡೆಯುತ್ತದೆ.

ಬೇರೂ ಉಸಿರಾಡುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯಲ್ಲಿ ನೀರು ನಿಲ್ಲುವುದರಿಂದ ಅಲ್ಲಿನ ಮರಗಳ ಬೇರುಗಳು ಮಂಡಿಯಂತೆ ಬಾಗಿ ಮೇಲೆದ್ದು ಗಾಳಿ ಹಿಡಿಯುತ್ತವೆ. ನಮ್ಮ ಊರಿನ ಮಾವು, ಹಲಸಿಗೆ ಆ ಉಪಾಯ ತಿಳಿಯದು. ಬಸದಿ, ಛತ್ರ, ಮನೆಗಳ ಅಂಗಳಕ್ಕೆ ಕಾಂಕ್ರೀಟ್ ಹಾಕುವಾಗ ಮರದ ಬುಡದವರೆಗೂ ಮುಚ್ಚಿದರೆ ಅದರ ಮೂರನೆಯ ಪ್ರಾಣಕ್ಕೇ ಕೈಹಾಕಿದಂತೆ. ಬುಡದ ಸುತ್ತ ಅಗಲವಾಗಿ ಮಣ್ಣು ಬಿಡಬೇಕೆಂದು ಸಮಿತಿಯ ಹಿರಿಯರಿಗೆ ಮಕ್ಕಳೇ ಹೇಳಲಿ.

ಆಯು

ಪೊಟರೆ ಬಿದ್ದ ಮರ ಹಸಿರಾಗಿ ನಿಂತಿರುವುದನ್ನು ತೋರಿಸಿ, ಯಾಕೆ ಸತ್ತಿಲ್ಲ ಎಂದು ಕೇಳಿ. ಮರದ ನಡುವಿನ ಕೆಚ್ಚು ಬರೀ ಆಸರೆ, ಜೀವ ಓಡಾಡುವುದು ತೊಗಟೆಯ ಹತ್ತಿರ. ನೀರು ಹೊಸ ಮರದ ಪದರದಲ್ಲಿ ಮೇಲೇರುತ್ತದೆ, ಎಲೆ ಮಾಡಿದ ಆಹಾರ ಒಳತೊಗಟೆಯಲ್ಲಿ ಕೆಳಗಿಳಿಯುತ್ತದೆ. ಆದ್ದರಿಂದಲೇ ಟೊಳ್ಳು ಮರ ಬದುಕುತ್ತದೆ. ಸುತ್ತಲೂ ಒಂದು ಗೇಣು ತೊಗಟೆ ಕೆತ್ತಿದ ಗಟ್ಟಿ ಮರ ಬೇರಿಗೆ ಊಟವಿಲ್ಲದೆ ನಿಧಾನವಾಗಿ ಸಾಯುತ್ತದೆ. ಬೋರ್ಡಿಗೆ ಮೊಳೆ ಹೊಡೆಯುವುದು, ತಂತಿ ಬಿಗಿದು ಹಾಗೇ ಬಿಡುವುದು ಯಾಕೆ ಸಲ್ಲದೆಂದು ಇದನ್ನು ತಿಳಿದ ಮಗುವಿಗೆ ಬೇರೆ ಹೇಳಬೇಕಿಲ್ಲ.

ನಾಲ್ಕೂ ಪಾಠ ಮುಗಿದ ಮೇಲೆ ಷಟ್ ಲೇಶ್ಯೆಯ ಕಥೆ ಹೇಳಿ. ಹಸಿದ ಆರು ಜನ ನೇರಳೆ ಮರದ ಬಳಿ ಬಂದರು. ಬೇರುಸಹಿತ ಕೀಳೋಣ ಎಂದವನಿಂದ ಹಿಡಿದು ಬಿದ್ದ ಹಣ್ಣನ್ನೇ ಆರಿಸೋಣ ಎಂದವನವರೆಗೆ ಕೃಷ್ಣ ಲೇಶ್ಯೆಯಿಂದ ಶುಕ್ಲ ಲೇಶ್ಯೆಯ ತನಕ ಆರು ಭಾವ. ಬಸದಿಗಳಲ್ಲಿ ತೂಗುಹಾಕಿದ ಈ ಚಿತ್ರವನ್ನು ಮಕ್ಕಳು ನೋಡಿಯೇ ಇರುತ್ತಾರೆ. ಈಗ ಅರ್ಥವೂ ಆಗುತ್ತದೆ. ಹಲಸಿನ ಎಲೆ ಹರಿದರೆ ಹಾಲು ಒಸರುತ್ತದೆ. ತಾನಾಗಿ ಉದುರಿದ ಎಲೆಯ ತೊಟ್ಟು ನೋಡಿ, ಒಣಗಿ ನಯವಾಗಿರುತ್ತದೆ. ಉದುರಿಸುವ ಮೊದಲೇ ಮರ ಅಲ್ಲೊಂದು ತೆಳುಪದರ ಕಟ್ಟಿ ಗಾಯ ಮುಚ್ಚಿಕೊಂಡಿರುತ್ತದೆ. ಹಣ್ಣಿಗೂ ಹಾಗೆಯೇ. ಬಿದ್ದ ಹಣ್ಣು ಮರ ತಾನೇ ಬಿಟ್ಟುಕೊಟ್ಟದ್ದು. ಆರನೆಯವನು ಮರಕ್ಕೆ ನೋವಾಗದ ಹಾಗೆ ಹಸಿವು ತೀರಿಸಿಕೊಂಡದ್ದು ಹೀಗೆ.

ಹೊಂಬುಜಕ್ಕೆ ಹೋದಾಗ ಲಕ್ಕಿ ಗಿಡದ ಮುಂದೆ ಮಕ್ಕಳನ್ನು ನಿಲ್ಲಿಸಿ. ಉತ್ತರ ಮಧುರೆಯಿಂದ ಪದ್ಮಾವತಿ ಅಮ್ಮನವರ ಬಿಂಬದೊಂದಿಗೆ ಬಂದ ಜಿನದತ್ತರಾಯನು ಲಕ್ಕಿಯ ನೆರಳಿನಲ್ಲೇ ವಿಶ್ರಮಿಸಿದನೆಂದು ಪ್ರತೀತಿ. ಕೈ ಮುಗಿದ ಮೇಲೆ ಗಿಡವನ್ನೂ ನೋಡಲು ಹೇಳಿ: ಒಂದು ತೊಟ್ಟಿಗೆ ಮೂರೋ ಐದೋ ಎಸಳು, ಮೇಲೆ ಹಸಿರು, ಕೆಳಗೆ ಬೂದಿ ಬಣ್ಣ. ಪ್ರಸಾದವೆಂದು ಬೇಕಾದರೆ ನೆಲದಲ್ಲಿ ಉದುರಿದ ಒಂದು ಎಲೆ ಆರಿಸಿಕೊಳ್ಳಲಿ. ಕೊಂಬೆಗೆ ಕೈಹಾಕುವ ದೊಡ್ಡವರನ್ನು ಆ ಮಗುವೇ ತಡೆಯುತ್ತದೆ.