ಎಣ್ಣೆಯೂರಿನ ಗಾಲ್ಫ್ ಹುಡುಗಿಯರು

ಶಾಲೆಯಲ್ಲಿ ಹುಡುಗಿಯರಿಗೆ ಗಾಲ್ಫ್ ತಂಡವೇ ಇರಲಿಲ್ಲ. ಆದ್ದರಿಂದ ಆಕೆ ಹುಡುಗರ ತಂಡ ಸೇರಿ ಆಡಿದಳು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ರಾಸ್‌ವೆಲ್ ಊರಿನ ಈ ಹುಡುಗಿ ನ್ಯಾನ್ಸಿ ಲೋಪೆಜ್. ತಂದೆಗೆ ಕಾರು ರಿಪೇರಿ ಅಂಗಡಿ. ಹನ್ನೆರಡನೆಯ ವಯಸ್ಸಿಗೇ ರಾಜ್ಯದ ಮಹಿಳಾ ಹವ್ಯಾಸಿ ಪ್ರಶಸ್ತಿ ಗೆದ್ದಿದ್ದ ಮಗಳು ಮುಂದೆ ಓದಲು ಹೋದದ್ದು ಒಕ್ಲಹಾಮ ರಾಜ್ಯದ ಟಲ್ಸಾ ವಿಶ್ವವಿದ್ಯಾಲಯಕ್ಕೆ.

ಟಲ್ಸಾ ಒಂದು ಕಾಲಕ್ಕೆ ಪೆಟ್ರೋಲಿಯಂನಿಂದ ಮೆರೆದ ನಗರ. ಅಲ್ಲಿನ ವಿಶ್ವವಿದ್ಯಾಲಯದ ಆಟಗಾರರಿಗೆ 'ಸುವರ್ಣ ಚಂಡಮಾರುತ' ಎಂಬ ಹೆಸರು. ಚಂಡಮಾರುತ ಹುಟ್ಟುವುದು ಬೆಚ್ಚಗಿನ ಸಮುದ್ರದ ಮೇಲೆ; ಕಡಲಿನಿಂದ ಬಹುದೂರದ ಈ ಬಯಲಿಗೆ ಸುಂಟರಗಾಳಿಯೇ ನಿಜವಾದ ನೆಂಟ. ಅದಿರಲಿ.

1974ರಲ್ಲಿ ಡೇಲ್ ಮೆಕ್‌ನಮಾರಾ ಎಂಬಾಕೆ ಇಲ್ಲಿ ಮಹಿಳಾ ತಂಡ ಕಟ್ಟಿದರು. ಆಕೆ ಸ್ವತಃ ಒಳ್ಳೆಯ ಆಟಗಾರ್ತಿ. ಕಾಲವೂ ಕೂಡಿಬಂದಿತ್ತು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂದು ಭೇದ ಮಾಡಕೂಡದೆಂಬ 'ಟೈಟಲ್ ನೈನ್' ಕಾನೂನು 1972ರಲ್ಲಿ ಜಾರಿಗೆ ಬಂದಿತ್ತು. ಅದರಲ್ಲಿ ಕ್ರೀಡೆಯೆಂಬ ಮಾತೇ ಇಲ್ಲ. ಆದರೂ ಅತಿ ಹೆಚ್ಚು ಸದ್ದು ಮಾಡಿದ್ದು ಆಟದ ಮೈದಾನದಲ್ಲಿ.

ಕಾಲೇಜು ಗಾಲ್ಫ್‌ನ ಲೆಕ್ಕ ಸ್ವಾರಸ್ಯಕರ. ತಂಡದಿಂದ ಐವರು ಆಡುತ್ತಾರೆ. ಪ್ರತಿ ಸುತ್ತಿನಲ್ಲೂ ಕಡಿಮೆ ಹೊಡೆತಗಳಲ್ಲಿ ಆಟ ಮುಗಿಸಿದ ನಾಲ್ವರ ಲೆಕ್ಕವನ್ನಷ್ಟೇ ಕೂಡಿಸಿ, ಐದನೆಯದನ್ನು ಬಿಟ್ಟುಬಿಡುತ್ತಾರೆ. ಬಿಟ್ಟುಹೋಗುವುದು ಯಾರದೆಂದು ಹದಿನೆಂಟನೆಯ ಕುಳಿ ಮುಗಿಯುವವರೆಗೆ ಗೊತ್ತಾಗದು. ಹೀಗಾಗಿ ಒಂಟಿಯಾಗಿ ಆಡುವ ಆಟದಲ್ಲೂ ಯಾರೊಬ್ಬರೂ ಕೈಚೆಲ್ಲುವಂತಿಲ್ಲ.

ಲೋಪೆಜ್ 1976ರಲ್ಲಿ ಕಾಲೇಜು ಮಹಿಳೆಯರ ರಾಷ್ಟ್ರೀಯ ವೈಯಕ್ತಿಕ ಪ್ರಶಸ್ತಿ ಗೆದ್ದಳು. ಪದವಿ ಮುಗಿಸಲಿಲ್ಲ, ಎರಡು ವರ್ಷ ಓದಿ, 1977ರಲ್ಲಿ ವೃತ್ತಿಪರ ಆಟಗಾರ್ತಿಯಾದಳು. ಮರುವರ್ಷ ಒಂಬತ್ತು ಪಂದ್ಯಾವಳಿಗಳನ್ನು ಗೆದ್ದಳು. ತಾನು ಆಡಿದ ಸಾಲಾಗಿ ಐದರಲ್ಲೂ ಗೆಲುವು! ಓದನ್ನು ಅರ್ಧಕ್ಕೆ ಬಿಟ್ಟದ್ದು ತಪ್ಪೆಂದು ಯಾವ ಮೇಷ್ಟರೂ ಆಕೆಗೆ ಹೇಳಿರಲಾರರು.

ಟಲ್ಸಾದ ಹುಡುಗಿಯರು ಆಕೆಯ ನಂತರವೂ ಮಂಕಾಗಲಿಲ್ಲ. ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆ 1982ರಲ್ಲಿ ಮೊದಲ ಬಾರಿಗೆ ಮಹಿಳಾ ಗಾಲ್ಫ್ ಪ್ರಶಸ್ತಿ ಇಟ್ಟಾಗ ತಂಡದ ಪ್ರಶಸ್ತಿ ಟಲ್ಸಾದ್ದೇ, ವೈಯಕ್ತಿಕ ಪ್ರಶಸ್ತಿ ಟಲ್ಸಾದ ಕ್ಯಾಥಿ ಬೇಕರ್‌ಳದೇ. ಆಕೆ 1985ರಲ್ಲಿ ಅಮೆರಿಕದ ಮಹಿಳಾ ಓಪನ್ ಗೆದ್ದಳು. 1988ರಲ್ಲಿ ಮತ್ತೆ ತಂಡಕ್ಕೆ ಪ್ರಶಸ್ತಿ. ವೈಯಕ್ತಿಕ ವಿಜೇತೆ ಮೆಲಿಸಾ ಮೆಕ್‌ನಮಾರಾ, ತರಬೇತುದಾರ್ತಿಯ ಮಗಳು. ಮನೆಯಲ್ಲಿ ಅಮ್ಮ, ಮೈದಾನದಲ್ಲಿ ಗುರು: ಆ ಹುಡುಗಿಯ ಪಾಡು ಏನಿತ್ತೋ!

ಇದರ ಹಿಂದೆ ದುಡ್ಡಿನ ಲೆಕ್ಕವೂ ಉಂಟು. ಎನ್‌ಸಿಎಎ ಹಳೆಯ ನಿಯಮದಂತೆ ದೊಡ್ಡ ಕಾಲೇಜೊಂದು ಗಂಡಸರ ಗಾಲ್ಫ್‌ಗೆ ನಾಲ್ಕೂವರೆ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದಿತ್ತು, ಹೆಂಗಸರಿಗೆ ಆರು. ಉದಾರತೆಯೆಂದು ಭ್ರಮಿಸಬೇಡಿ. ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೇ ಎಂಬತ್ತೈದು ವೇತನ ಹೋಗುತ್ತಿತ್ತು, ಅದೂ ಗಂಡಸರಿಗೆ. ತಕ್ಕಡಿಯ ಇನ್ನೊಂದು ತಟ್ಟೆಗೆ ಏನಾದರೂ ಹಾಕಲೇಬೇಕಿತ್ತು.

2016ರಲ್ಲಿ ಟಲ್ಸಾ ವಿಶ್ವವಿದ್ಯಾಲಯ ತನ್ನ ಗಾಲ್ಫ್ ತಂಡಗಳಲ್ಲಿ ಒಂದನ್ನು ಮುಚ್ಚಿತು. ಮುಚ್ಚಿದ್ದು ಗಂಡಸರದನ್ನು.