ಡಿಫೈ, ರೆಸಿಸ್ಟ್, ರೆಬೆಲ್: ಯಾವ ಪದ ಯಾರ ಬಾಯಲ್ಲಿ?

ರೆಸಿಸ್ಟೆನ್ಸ್ ಅಂದ ತಕ್ಷಣ ನಮಗೆ ನೆನಪಾಗೋದು ಕಂದು, ಕಪ್ಪು, ಕೆಂಪು ಪಟ್ಟಿ ಇರುವ ಆ ಪುಟ್ಟ ಒಂದು ಕಿಲೋ ಓಮ್ ರೆಸಿಸ್ಟರ್. ಕನ್ನಡ ಮೀಡಿಯಂನಿಂದ ಬಂದ ಗೆಳೆಯರು ಅದನ್ನು 'ರೋಧ' ಅಂತ ಓದಿದ್ದಾರೆ. ಆದರೆ ಲ್ಯಾಬಿನ ಹೊರಗೆ ಈ ಪದಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಬಳಗವೇ ಇದೆ: ಡಿಫೈ, ಡಿಸ್‌ಒಬೇ, ರೆಬೆಲ್, ಮ್ಯೂಟಿನಿ, ಡಿಸೆಂಟ್, ಪ್ರೊಟೆಸ್ಟ್, ಬಾಯ್ಕಾಟ್. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಮಗೆ ಇವೆಲ್ಲ ಗೊತ್ತು ಅಂದ್ಕೊಂಡಿದ್ವಿ. ಗೊತ್ತಿಲ್ಲ ಅನ್ನೋದು ಪಿಯುಸಿಯಲ್ಲಿ ಗೊತ್ತಾಯ್ತು.

ಆಗ ನಾವು ಓದುತ್ತಿದ್ದ ಕಾಲೇಜಿನಲ್ಲಿ ಪ್ರಾಕ್ಟಿಕಲ್ಸ್ ಸರಿಯಾಗಿ ನಡೀತಿರಲಿಲ್ಲ. ಎಂಟು ಜನ ಸೇರಿ ಒಂದು ಪತ್ರ ಬರೆದು ಆಫೀಸಿಗೆ ಕೊಟ್ಟೆವು. ಎರಡು ದಿನ ಬಿಟ್ಟು ನಮ್ಮನ್ನೇ ಕರೆಸಿದರು. ಮೇಜಿನ ಮೇಲೆ ಟೈಪ್ ಮಾಡಿಟ್ಟ ಕ್ಷಮಾಪಣೆ ಪತ್ರ, ಎಲ್ಲರಿಗೂ ಒಂದೊಂದು ಪ್ರತಿ. ಅದರಲ್ಲಿ 'ಡಿಫೈಯನ್ಸ್' ಅಂತ ಒಂದು ಕಡೆ, 'ಇನ್‌ಸಬಾರ್ಡಿನೇಷನ್' ಅಂತ ಇನ್ನೊಂದು ಕಡೆ ಇತ್ತು. ಏನೋ 'ತಪ್ಪಾಯ್ತು' ಅನ್ನೋದನ್ನೇ ದೊಡ್ಡ ಇಂಗ್ಲಿಷಿನಲ್ಲಿ ಬರೆದಿದ್ದಾರೆ ಅಂದ್ಕೊಂಡು ಸಹಿ ಹಾಕಿದೆವು. ಒಬ್ಬಳನ್ನು ಬಿಟ್ಟು. ಅವಳ ವಿಷಯ ಆಮೇಲೆ ಹೇಳ್ತೀವಿ.

ಮೊದಲು ಡಿಫೈ. ಇದರ ಬೇರು ಲ್ಯಾಟಿನ್. 'ಫೈ' ಅನ್ನೋ ಭಾಗದ ಹಿಂದೆ ಇರೋದು ನಂಬಿಕೆ, ನಿಷ್ಠೆ ಎಂಬ ಅರ್ಥ. ಒಡೆಯನಿಗೆ ಕೊಟ್ಟ ನಿಷ್ಠೆಯನ್ನು ಬಹಿರಂಗವಾಗಿ ಹಿಂದಕ್ಕೆ ತೆಗೆದುಕೊಳ್ಳುವುದೇ ಡಿಫೈ. ಆ 'ಬಹಿರಂಗ' ಅನ್ನೋದು ಈ ಪದದಿಂದ ಇವತ್ತಿಗೂ ಹೋಗಿಲ್ಲ. ಕ್ಲಾಸಿಗೆ ಬಂಕ್ ಹೊಡೆದು ಕ್ಯಾಂಟೀನಲ್ಲಿ ಅಡಗಿ ಕೂತರೆ ಅದು ಡಿಸ್‌ಒಬೇ ಮಾತ್ರ. ಲೆಕ್ಚರರ್ ಎದುರು ನಿಂತು 'ನಾನು ಬರಲ್ಲ, ಏನ್ ಮಾಡ್ತೀರೋ ಮಾಡಿ' ಅಂದರೆ ಅದು ಡಿಫೈ. ಕದ್ದು ಡಿಫೈ ಮಾಡೋಕೆ ಆಗಲ್ಲ. ಅಂದಹಾಗೆ, ಈ ಪದಕ್ಕೆ ಎದುರಾಳಿ ಮನುಷ್ಯನೇ ಆಗಬೇಕಿಲ್ಲ, ಗುರುತ್ವಾಕರ್ಷಣೆಯನ್ನೂ ಡಿಫೈ ಮಾಡಬಹುದು, ವರ್ಣನೆಯನ್ನೂ ಡಿಫೈ ಮಾಡಬಹುದು. ಆಗ ಅದು ಹೊಗಳಿಕೆ.

ರೆಸಿಸ್ಟ್ ಹಾಗಲ್ಲ. ಅದರ ಮೂಲ ಅರ್ಥ ಎದುರಾಗಿ ನಿಲ್ಲುವುದು, ಅಷ್ಟೇ. ನಮ್ಮ ರೆಸಿಸ್ಟರನ್ನೇ ನೋಡಿ. ಕರೆಂಟ್ ಹರಿಯದಿದ್ದರೆ ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ಇಲ್ಲ. ತಾನಾಗಿ ಯಾರ ತಂಟೆಗೂ ಹೋಗದು, ಹರಿದು ಬಂದದ್ದನ್ನು ಮಾತ್ರ ತಡೆಯುತ್ತದೆ. ಇಂಗ್ಲಿಷಿನಲ್ಲಿ ಆರ್ಡರ್ ಅನ್ನು ಡಿಫೈ ಮಾಡ್ತಾರೆ, ಪ್ರೆಷರ್ ಅನ್ನು ರೆಸಿಸ್ಟ್ ಮಾಡ್ತಾರೆ. ಒಂದು ಮಾತೂ ಆಡದೆ ರೆಸಿಸ್ಟ್ ಮಾಡಬಹುದು. ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಮ್ಯಾಗಿ ವಾಸನೆ ಬಂದರೂ ಸುಮ್ಮನೆ ಮಲಗಿರೋದು ಕೂಡ ರೆಸಿಸ್ಟೆನ್ಸೇ.

ಇನ್‌ಸಬಾರ್ಡಿನೇಷನ್ ಕತೆ ಬೇರೆ. ಇದಕ್ಕೆ ಮೇಲು-ಕೆಳಗು ಬೇಕೇ ಬೇಕು. ಪ್ರಿನ್ಸಿಪಾಲರು ವಿದ್ಯಾರ್ಥಿಗೆ ಇನ್‌ಸಬಾರ್ಡಿನೇಟ್ ಆಗೋಕೆ ಸಾಧ್ಯವಿಲ್ಲ. ಇದನ್ನು ಯಾರೂ ತಮ್ಮ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ, ಮೇಲಿನವರು ಫೈಲಿನಲ್ಲಿ ಬರೆಯುತ್ತಾರೆ. ಮ್ಯೂಟಿನಿ ಇದರ ಅಣ್ಣ: ಹಡಗಿನವರು, ಸೈನಿಕರು ಅಧಿಕಾರಿಗಳ ವಿರುದ್ಧ ಎದ್ದರೆ ಮಾತ್ರ ಈ ಪದ. 1857ನ್ನು ಬ್ರಿಟಿಷರು 'ಸಿಪಾಯಿ ಮ್ಯೂಟಿನಿ' ಅಂತ ಕರೆದಾಗ ಒಂದೇ ಪದದಲ್ಲಿ ಎರಡು ಕೆಲಸ ಆಯ್ತು. ಇದು ಬರೀ ಸಿಪಾಯಿಗಳ ಗಲಾಟೆ ಅಂತ ಒಂದು, ಅವರ ನ್ಯಾಯವಾದ ಒಡೆಯರು ನಾವೇ ಅಂತ ಇನ್ನೊಂದು. ಹಲಗಲಿಯ ಬೇಡರು ಯಾವ ರೆಜಿಮೆಂಟಿನಲ್ಲೂ ಇರಲಿಲ್ಲ. ಆಯುಧ ಒಪ್ಪಿಸಿ ಎಂಬ ಕಾನೂನಿಗೆ ತಿರುಗಿಬಿದ್ದ ಊರವರು. ಅವರನ್ನು 'ಮ್ಯೂಟಿನಿ' ಒಳಗೆ ಹೇಗೆ ತುಂಬಿಸ್ತೀರಿ? 1909ರಲ್ಲಿ ಸಾವರ್ಕರ್ ತಮ್ಮ ಪುಸ್ತಕದ ಹೆಸರಿನಲ್ಲೇ ಅದನ್ನು ಸ್ವಾತಂತ್ರ್ಯ ಯುದ್ಧ ಎಂದು ಕರೆದರು. ನಡೆದದ್ದು ಒಂದೇ, ನಿಂತು ನೋಡಿದ ಜಾಗ ಬೇರೆ.

ರೆಬೆಲ್ ಪದಕ್ಕೆ ಮಾತ್ರ ಅದೃಷ್ಟ ಖುಲಾಯಿಸಿದೆ. ಮೂಲದಲ್ಲಿ 'ಮತ್ತೆ ಯುದ್ಧಕ್ಕೆ ಬಂದವನು', ಅಂದರೆ ಸೋತ ಮೇಲೂ ಸುಮ್ಮನಿರದವನು. ಆಳುವವರ ಬಾಯಲ್ಲಿ ಬೈಗುಳವಾಗಿದ್ದದ್ದು ನಮ್ಮಲ್ಲಿ ಅಂಬರೀಶ್‌ಗೆ ಬಿರುದಾಯ್ತು. ಚುನಾವಣೆ ಬಂದರೆ ಟಿಕೆಟ್ ಸಿಗದವರೆಲ್ಲ ರೆಬೆಲ್.

ಬಾಯ್ಕಾಟ್ ಅಂತೂ ಒಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಒಬ್ಬ ಜಮೀನ್ದಾರನ ಏಜೆಂಟ್. 1880ರಲ್ಲಿ ಗೇಣಿ ಇಳಿಸಿ ಎಂದು ಕೇಳಿದ ರೈತರನ್ನು ಒಕ್ಕಲೆಬ್ಬಿಸಲು ಹೊರಟ. ಊರವರು ಅವನಿಗೆ ಹೊಡೆಯಲಿಲ್ಲ. ಕೆಲಸದವರು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಬೆಳೆ ಕೀಳಲು ಹೊರಗಿನಿಂದ ಸುಮಾರು ಐವತ್ತು ಜನರನ್ನು ಕರೆಸಿ, ಅವರ ಕಾವಲಿಗೆ ಸೈನ್ಯವನ್ನೂ ಇಡಬೇಕಾಯ್ತು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚೇ ಎಷ್ಟೋ ಪಟ್ಟು ಹೆಚ್ಚು! ಅದೇ ವರ್ಷ ಅವನ ಹೆಸರು ಕ್ರಿಯಾಪದವಾಗಿ ಪತ್ರಿಕೆಗಳಿಗೆ ಬಂತು. ಈ ಪದವನ್ನು ಕೆಳಗಿನವರೇ ಹುಟ್ಟಿಸಿದ್ದು, ಅದಕ್ಕೇ ಅದರಲ್ಲಿ ನಾಚಿಕೆ ಇಲ್ಲ.

ಇಂಜಿನಿಯರ್‌ಗಳಾಗಿ ನಾವು ತಪ್ಪಾಗಿ ಬಳಸುವ ಪದ ಲಡೈಟ್. ಹೊಸ ಆ್ಯಪ್ ಬೇಡ ಅಂದವರನ್ನೆಲ್ಲ ಹಾಗೆ ಆಡಿಕೊಳ್ಳುತ್ತೇವೆ. 1811ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಹೆಣಿಗೆ ಯಂತ್ರಗಳನ್ನು ಒಡೆದವರು ಅದೇ ಯಂತ್ರಗಳಲ್ಲಿ ದುಡಿಯುತ್ತಿದ್ದ ನುರಿತ ಕೆಲಸಗಾರರು. ಅವರ ಸಿಟ್ಟು ಕೂಲಿ ಇಳಿಸಿದ್ದಕ್ಕೆ, ಕಳಪೆ ಮಾಲು ಮಾಡಿಸಿದ್ದಕ್ಕೆ. 1812ರಲ್ಲಿ ಯಂತ್ರ ಒಡೆದರೆ ಮರಣದಂಡನೆ ಎಂಬ ಕಾನೂನೇ ಬಂತು. ಅವರು ಕೇಳಿದ್ದು ಮರೆತುಹೋಗಿ, 'ಟೆಕ್ನಾಲಜಿ ಬರದ ದಡ್ಡ' ಅನ್ನೋ ಅರ್ಥ ಉಳಿಯಿತು.

ಇಂಗ್ಲಿಷ್ ಪದ ಸಾಲದು ಅಂತ ಅದನ್ನೇ ಬಿಟ್ಟವರು ಗಾಂಧೀಜಿ. 1906ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ, ಭಾರತೀಯರು ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಬೇಕೆಂಬ ಕಾನೂನಿನ ವಿರುದ್ಧ ಹೋರಾಟ ಶುರುವಾದಾಗ ಅದಕ್ಕಿದ್ದ ಹೆಸರು 'ಪ್ಯಾಸಿವ್ ರೆಸಿಸ್ಟೆನ್ಸ್'. ಅದು ಬಲವಿಲ್ಲದವರ ಆಯುಧ ಎಂಬ ಅರ್ಥ ಕೊಡ್ತಿತ್ತು. ಹಾಗಾಗಿ ಬೇರೆ ಹೆಸರು ಸೂಚಿಸಿ ಅಂತ ಅವರು ತಮ್ಮ ಪತ್ರಿಕೆ ಇಂಡಿಯನ್ ಒಪೀನಿಯನ್‌ನಲ್ಲಿ ಸ್ಪರ್ಧೆ ಇಟ್ಟರು. ಮಗನ್‌ಲಾಲ್ ಗಾಂಧಿ 'ಸದಾಗ್ರಹ' ಅಂದರು, ಗಾಂಧೀಜಿ ತಿದ್ದಿ 'ಸತ್ಯಾಗ್ರಹ' ಮಾಡಿದರು. ಈಗ ಅದು ಇಂಗ್ಲಿಷ್ ಡಿಕ್ಷನರಿಯಲ್ಲೇ ಇದೆ, ಧರಣಿ, ಘೇರಾವ್, ಬಂದ್‌ಗಳ ಜೊತೆ. ನಮ್ಮ ದೇಶ ಇಂಗ್ಲಿಷಿಗೆ ರಫ್ತು ಮಾಡಿದ ಐಟಂಗಳು!

ಇನ್ನು ಡಿಸೆಂಟ್. ಇದರಲ್ಲಿ ಯಾವ ಆದೇಶವನ್ನೂ ಮುರಿಯುವುದಿಲ್ಲ, 'ನನಗೆ ಹಾಗನ್ನಿಸುವುದಿಲ್ಲ' ಅಂತ ದಾಖಲಿಸೋದು ಮಾತ್ರ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧನದಲ್ಲಿಟ್ಟವರು ಕೋರ್ಟಿಗೆ ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದಿನ ವರ್ಷ ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟರು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಬಹುಮತದ ತೀರ್ಪು ತಪ್ಪು ಎಂದಿತು. ಅದು ಹೇಳಿದ್ದು ಖಾಸಗಿತನದ ಹಕ್ಕಿನ ಕೇಸಿನಲ್ಲಿ. ಆ ಕೇಸು ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಈಗ ನಮ್ಮ ಪಿಯುಸಿ ಪತ್ರಕ್ಕೆ ಬರೋಣ. ನಾವು ಯಾವ ಆರ್ಡರನ್ನೂ ಮೀರಿರಲಿಲ್ಲ, ಯಾಕಂದ್ರೆ ಯಾರೂ ಆರ್ಡರ್ ಮಾಡಿರಲೇ ಇಲ್ಲ. ಹಾಗಾಗಿ ಡಿಫೈಯನ್ಸ್ ಅಲ್ಲ. ಹೆಚ್ಚೆಂದರೆ ಅದು ಕಂಪ್ಲೇಂಟ್, ಸ್ವಲ್ಪ ಎಳೆದರೆ ಪ್ರೊಟೆಸ್ಟ್. ಆದರೂ ಏಳು ಜನ 'ನಾವು ಡಿಫೈ ಮಾಡಿದ್ವಿ' ಅಂತ ಬರೆದುಕೊಟ್ಟು ಬಂದೆವು. ಅವಳು ಮಾತ್ರ ಕೂತು ಪೂರ್ತಿ ಓದಿದಳು. ಪಕ್ಕದವನ ಪೆನ್ನು ಇಸ್ಕೊಂಡು ಆ ಎರಡು ಪದಗಳ ಮೇಲೆ ಗೆರೆ ಎಳೆದು, ಮೇಲೆ 'ರಿಕ್ವೆಸ್ಟ್' ಅಂತ ಬರೆದು, ಕೆಳಗೆ ಸಹಿ ಹಾಕಿದಳು. ನಾವೆಲ್ಲ 'ಸುಮ್ನೆ ಯಾಕೆ ಸಮಸ್ಯೆ ಮಾಡ್ಕೋತೀಯ' ಅಂತ ಅವಳನ್ನೇ ಬೈದೆವು. ಗುಮಾಸ್ತರು ಸಹಿ ಇದೆಯಾ ಅಂತ ಮಾತ್ರ ನೋಡಿ, ಎಂಟೂ ಹಾಳೆ ಒಟ್ಟಿಗೆ ಪಿನ್ ಮಾಡಿ ಫೈಲಿಗೆ ಹಾಕಿದರು.