ಕ್ಲಿಪ್ ತೆಗೆಸಿದ ಮೇಲೂ ಕಾಳಜಿ ಇರಲಿ

ಮಗಳ ಹಲ್ಲಿನ ಕ್ಲಿಪ್ ತೆಗೆಸಿದ ದಿನ ಮನೆಮಂದಿಗೆಲ್ಲ ಸಂತೋಷ. ಆದರೆ ವೈದ್ಯರು ಕೊಟ್ಟ ಪುಟ್ಟ ಡಬ್ಬಿಯನ್ನು ಮರೆಯಬೇಡಿ. ಅದರೊಳಗಿನ ರಿಟೈನರ್ ಧರಿಸದಿದ್ದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹಲ್ಲುಗಳನ್ನು ಎಲುಬಿಗೆ ಹಿಡಿದಿಡುವುದು ಸೂಕ್ಷ್ಮವಾದ ನಾರುಗಳು. ಹೊಸ ಜಾಗಕ್ಕೆ ಅವು ಹೊಂದಿಕೊಳ್ಳಲು ತಿಂಗಳುಗಳು ಬೇಕು. ಒಸಡಿನ ಕೆಲವು ನಾರುಗಳಿಗೆ ಒಂದು ವರ್ಷವೂ ಹಿಡಿಯಬಹುದು. ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಜಾಗಕ್ಕೇ ಎಳೆಯುತ್ತವೆ.

ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಹಗಲಿರುಳೂ ಧರಿಸಬೇಕು. ಅನಂತರ ರಾತ್ರಿ ಮಾತ್ರ. ಕೆಲವರಿಗೆ ಆರಂಭದಿಂದಲೇ ರಾತ್ರಿ ಮಾತ್ರ ಹೇಳುವುದುಂಟು. ಎಷ್ಟು ಕಾಲವೆಂದು ನಿಮ್ಮ ವೈದ್ಯರನ್ನೇ ಕೇಳಿ.

ದಿನವೂ ಮೃದುವಾದ ಬ್ರಷ್‌ನಿಂದ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ತಾಗಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಟೂತ್‌ಪೇಸ್ಟಿನಿಂದ ಉಜ್ಜಿದರೆ ಗೀರು ಬೀಳುತ್ತದೆ. ಅದನ್ನು ಹಾಕಿಕೊಂಡು ಚಹಾ, ಶರಬತ್ತು ಕುಡಿಯಬಾರದು. ತೆಗೆದಾಗ ಡಬ್ಬಿಯಲ್ಲೇ ಇಡಬೇಕು.

ನನ್ನ ವಿದ್ಯಾರ್ಥಿನಿಯೊಬ್ಬಳು ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಅದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟಳು. ಎಂಜಲು ತಟ್ಟೆಯೊಂದಿಗೆ ಅದೂ ಕಸಕ್ಕೆ ಹೋಯಿತು. ಬೈಗುಳಕ್ಕೆ ಹೆದರಿ ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ತಿಂಗಳುಗಳ ನಂತರ ಮುಂದಿನ ಹಲ್ಲು ಮತ್ತೆ ಸರಿದಾಗಲೇ ತಾಯಿಗೆ ವಿಷಯ ತಿಳಿದದ್ದು. ಅಷ್ಟು ಹೊತ್ತಿಗೆ ಮತ್ತೆ ಕ್ಲಿಪ್ ಹಾಕಿಸಬೇಕಾಗಿ ಬಂತು.

ತಾಯಂದಿರೇ, ರಿಟೈನರ್ ಕಳೆದುಹೋದರೆ, ಬಿರುಕು ಬಿಟ್ಟರೆ ಅಥವಾ ಹಾಕುವಾಗ ಬಿಗಿಯಾದರೆ ತಡಮಾಡದೆ ವೈದ್ಯರಲ್ಲಿ ಹೋಗಿ. ಬಲವಂತವಾಗಿ ಒತ್ತಿ ಕೂರಿಸಬೇಡಿ. ಮಕ್ಕಳನ್ನು ಗದರಲೂ ಬೇಡಿ. ಕಳೆದದ್ದನ್ನು ಅಂದೇ ಹೇಳುವ ಧೈರ್ಯ ಅವರಿಗಿದ್ದರೆ ಹಲ್ಲು ಸರಿಯುವ ಮೊದಲೇ ಹೊಸದು ಮಾಡಿಸಬಹುದು.